ಗಾಬರಿ ಆಮೇಲೆ, ಮೊದಲು ದಿನ ಎಣಿಸಿ: ಮುಂಬಯಿ, ಪುಣೆ, ಗೋವಾದಲ್ಲಿ ಲೈಂಗಿಕ ಸೋಂಕಿನ ಟೆಸ್ಟ್ ಮಾಡಿಸುವ ಬಗೆ

ಈ ವಿಷಯವನ್ನು ಯಾರೂ ತಮಗೆ ಅಂತ ಕೇಳುವುದಿಲ್ಲ. ಎಲ್ಲರೂ ‘ಒಬ್ಬ ಫ್ರೆಂಡ್‌ಗೆ’ ಅಂತಲೇ ಕೇಳುತ್ತಾರೆ. ರಾತ್ರಿ ಹನ್ನೊಂದೂವರೆಗೆ ಮೆಸೇಜ್ ಬರುತ್ತದೆ: ‘ಅಣ್ಣ, ಒಬ್ಬ ಫ್ರೆಂಡ್‌ದು ಕಾಂಡೋಮ್ ಹರಿದುಹೋಯ್ತಂತೆ, ಏನಾದರೂ ಆಗುತ್ತಾ?’ ಸರಿ, ಫ್ರೆಂಡ್‌ಗೇ ಅಂದುಕೊಳ್ಳೋಣ. ಇದು ಆ ಫ್ರೆಂಡ್‌ಗಾಗಿ.

ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವರಿರಲಿ, ಕುಂದಾಪುರದಿಂದ ಬಂದು ಥಾಣೆಯ ಹೋಟೆಲಿನಲ್ಲಿ ಕೌಂಟರ್ ನೋಡಿಕೊಳ್ಳುವವರಿರಲಿ, ಹುಬ್ಬಳ್ಳಿಯಿಂದ ಬಂದು ಪುಣೆಯ ಹಿಂಜೇವಾಡಿಯಲ್ಲಿ ಐಟಿ ಕೆಲಸ ಮಾಡುವವರಿರಲಿ, ಪರಿಸ್ಥಿತಿ ಹೆಚ್ಚು ಕಡಿಮೆ ಒಂದೇ. ಕೈಯಲ್ಲಿ ಫೋನ್ ಇದೆ, ರೂಮಿನಲ್ಲಿ ನಾಲ್ಕು ಜನ ಇದ್ದಾರೆ, ಕೇಳೋಣ ಅಂದರೆ ಒಬ್ಬರೂ ಇಲ್ಲ. ನಾನು ಡಾಕ್ಟರ್ ಅಲ್ಲ. ಆದರೆ ಕೇಳಿದವರ ಜೊತೆ ಆಸ್ಪತ್ರೆಯ ಕ್ಯೂನಲ್ಲಿ ನಿಂತು ನಿಂತು ಯಾವುದಕ್ಕೆ ಯಾವ ಬಾಗಿಲು ಅಂತ ಗೊತ್ತಾಗಿದೆ. ಇದರಲ್ಲಿ ಅರ್ಧ ಕೆಲಸ ಕ್ಯಾಲೆಂಡರ್‌ದು: ಯಾವತ್ತು ಆಯಿತು, ಇವತ್ತಿಗೆ ಎಷ್ಟನೇ ದಿನ. ಇನ್ನರ್ಧ, ಬೇಕಾದ ಟೆಸ್ಟನ್ನು ಹೆಸರು ಹೇಳಿ ಕೇಳುವುದು. ‘ಎಲ್ಲಾ ಟೆಸ್ಟ್ ಮಾಡಿಬಿಡಿ’ ಅಂದರೆ ಯಾರೂ ಎಲ್ಲಾ ಮಾಡುವುದಿಲ್ಲ.

ಮೂರು ದಿನ ಇನ್ನೂ ಆಗಿಲ್ಲದಿದ್ದರೆ

ಇದನ್ನು ಓದುತ್ತಿರುವಾಗ ಆ ಘಟನೆಗೆ 72 ಗಂಟೆ ತುಂಬಿಲ್ಲ ಅಂದರೆ, ಉಳಿದದ್ದನ್ನು ಆಮೇಲೆ ಓದಿ, ಮೊದಲು ಹೊರಡಿ. ಎಚ್‌ಐವಿ ಅಂಟದಂತೆ ತಡೆಯುವ ಮಾತ್ರೆ ಇದೆ, ಅದಕ್ಕೆ ಪೆಪ್ ಅಂತಾರೆ. 72 ಗಂಟೆಯೊಳಗೆ ಶುರು ಮಾಡಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, ಆಮೇಲೆ 28 ದಿನ ಒಂದೂ ತಪ್ಪಿಸದೆ ತೆಗೆದುಕೊಳ್ಳಬೇಕು. ಈಗ ಸಾಮಾನ್ಯವಾಗಿ ಕೊಡುವುದು ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ದಿನಕ್ಕೊಂದು ಮಾತ್ರೆ.

ಲೆಕ್ಕ ತಪ್ಪುವುದು ಎಲ್ಲಿ ಅಂದರೆ, ಗೋವಾ ಟ್ರಿಪ್‌ನಲ್ಲಿ. ಶನಿವಾರ ರಾತ್ರಿ ಆದದ್ದಕ್ಕೆ ಮಂಗಳವಾರ ರಾತ್ರಿ ಕೊನೆ. ಭಾನುವಾರ ರಾತ್ರಿ ಬಸ್ಸು, ಸೋಮವಾರ ಆಫೀಸು, ‘ನಾಳೆ ನೋಡೋಣ’ ಅನ್ನುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ. ಗೋವಾದಲ್ಲೇ ಇದ್ದರೆ ಬಾಂಬೋಳಿಯ ಸರ್ಕಾರಿ ಮೆಡಿಕಲ್ ಕಾಲೇಜಿನ ಕ್ಯಾಶುವಾಲ್ಟಿಗೆ ಹೋಗಿ, ವಾಪಸ್ ಬರುವವರೆಗೆ ಕಾಯಬೇಡಿ. ಮುಂಬಯಿಯಲ್ಲಿ ಕೆಇಎಂ, ಸಯನ್, ನಾಯರ್, ಜೆಜೆ, ಕೂಪರ್, ಪುಣೆಯಲ್ಲಿ ಸಸೂನ್, ಇವೆಲ್ಲ ರಾತ್ರಿಯೂ ಕ್ಯಾಶುವಾಲ್ಟಿ ತೆರೆದಿರುವ ದೊಡ್ಡ ಆಸ್ಪತ್ರೆಗಳು.

ಒಂದು ವಿಷಯ ಮೊದಲೇ ತಿಳಿದಿರಲಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಪೆಪ್ ಇಟ್ಟಿರುವುದು ಮುಖ್ಯವಾಗಿ ಸೂಜಿ ಚುಚ್ಚಿಕೊಂಡ ಸಿಬ್ಬಂದಿಗೆ ಮತ್ತು ಅತ್ಯಾಚಾರಕ್ಕೆ ಒಳಗಾದವರಿಗೆ. ಕಾಂಡೋಮ್ ಹರಿದ ಕೇಸಿಗೆ ಅಲ್ಲಿ ಆಗಲ್ಲ ಅಂದರೆ ವಾದ ಮಾಡುತ್ತಾ ಗಂಟೆ ಕಳೆಯಬೇಡಿ. ಅವತ್ತೇ ಖಾಸಗಿಯಾಗಿ ಒಬ್ಬ ಸೋಂಕುರೋಗ ತಜ್ಞರನ್ನೋ ಎಚ್‌ಐವಿ ನೋಡುವ ಫಿಸಿಶಿಯನ್ನರನ್ನೋ ಹಿಡಿಯಿರಿ, ಅವರು ಬರೆದುಕೊಟ್ಟರೆ ಮಾತ್ರೆ ದುಡ್ಡಿಗೆ ಸಿಗುತ್ತದೆ. ಶುರು ಮಾಡುವ ಮುಂಚೆ ಎಚ್‌ಐವಿ, ಹೆಪಟೈಟಿಸ್ ಬಿ, ಕಿಡ್ನಿಯ ಟೆಸ್ಟಿಗೆ ರಕ್ತ ತೆಗೆಯುತ್ತಾರೆ, ರಿಪೋರ್ಟ್ ಬರಲಿ ಅಂತ ಮೊದಲ ಮಾತ್ರೆಯನ್ನು ತಡ ಮಾಡುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ.

ಬಲಾತ್ಕಾರ ಆಗಿದ್ದರೆ ಲೆಕ್ಕವೇ ಬೇರೆ. ಸರ್ಕಾರಿ ಇರಲಿ ಖಾಸಗಿ ಇರಲಿ, ಯಾವ ಆಸ್ಪತ್ರೆಯೂ ತಕ್ಷಣ, ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು, ಅದು ಕಾನೂನು. ‘ಮೊದಲು ಎಫ್‌ಐಆರ್ ತನ್ನಿ’ ಅನ್ನುವ ಹಾಗಿಲ್ಲ.

ಇನ್ನೊಂದು ಗೊಂದಲ ನಾನು ಮತ್ತೆ ಮತ್ತೆ ಕೇಳುತ್ತೇನೆ. ‘ನನ್ನ ಗರ್ಲ್‌ಫ್ರೆಂಡ್ 72 ಗಂಟೆ ಮಾತ್ರೆ ತಗೊಂಡಿದ್ದಾಳೆ, ಇನ್ನೇನೂ ಭಯ ಇಲ್ಲ ಅಲ್ವಾ?’ ಅದು ಗರ್ಭ ನಿಲ್ಲದಿರಲಿ ಅಂತ ಮೆಡಿಕಲ್‌ನಲ್ಲಿ ಸಿಗುವ ಮಾತ್ರೆ. ಸೋಂಕಿಗೂ ಅದಕ್ಕೂ ಸಂಬಂಧವೇ ಇಲ್ಲ. ಎರಡಕ್ಕೂ 72 ಗಂಟೆ ಅನ್ನುವುದು ಬರೀ ಕಾಕತಾಳೀಯ, ಅದರಿಂದಲೇ ಜನ ಮೋಸ ಹೋಗುತ್ತಾರೆ.

ಮೂರು ದಿನ ದಾಟಿದ್ದರೆ

ಈಗ ಬೇಕಾಗಿರುವುದು ತಾಳ್ಮೆ. ಮರುದಿನವೇ ಎಚ್‌ಐವಿ ಟೆಸ್ಟ್ ಮಾಡಿಸಿ ನೆಗೆಟಿವ್ ಬಂತು ಅಂತ ಪಾರ್ಟಿ ಕೊಟ್ಟವರಿದ್ದಾರೆ. ಆ ಟೆಸ್ಟ್ ಹೇಳಿದ್ದು ಹಳೆಯ ಕಥೆ, ನಿನ್ನೆಯದಲ್ಲ. ಸೋಂಕು ಒಳಗೆ ಹೋದ ಮೇಲೆ ಟೆಸ್ಟಿನಲ್ಲಿ ಕಾಣುವುದಕ್ಕೆ ದಿನ ಹಿಡಿಯುತ್ತದೆ, ಒಂದೊಂದಕ್ಕೆ ಒಂದೊಂದು ಲೆಕ್ಕ.

ಗೊನೊರಿಯಾ, ಕ್ಲಮೈಡಿಯಾ ಎರಡಕ್ಕೂ ಎರಡು ವಾರ ಬಿಟ್ಟು ಟೆಸ್ಟ್ ಮಾಡಿಸಿ. ಎಚ್‌ಐವಿಗೆ ಲ್ಯಾಬಿನಲ್ಲಿ ‘ಫೋರ್ತ್ ಜನರೇಶನ್’ ಅಂತ ಕೇಳಿ. ಅದು ಆಂಟಿಜೆನ್ (ವೈರಸ್ಸಿನ ತುಣುಕು) ಮತ್ತು ಆಂಟಿಬಾಡಿ (ಅದಕ್ಕೆ ನಮ್ಮ ಮೈ ತಯಾರಿಸುವ ಪ್ರತಿಕಾಯ) ಎರಡನ್ನೂ ಹುಡುಕುತ್ತದೆ, 45ನೇ ದಿನಕ್ಕೆ ಅದರ ಉತ್ತರವನ್ನು ನಂಬಬಹುದು. ಬೆರಳು ಚುಚ್ಚಿ ಮಾಡುವ ರ‍್ಯಾಪಿಡ್ ಟೆಸ್ಟ್ ಆದರೆ 90 ದಿನ ಲೆಕ್ಕ ಇಟ್ಟುಕೊಳ್ಳಿ. ಸಿಫಿಲಿಸ್‌ಗೆ 6 ವಾರಕ್ಕೆ ಒಮ್ಮೆ, 3 ತಿಂಗಳಿಗೆ ಇನ್ನೊಮ್ಮೆ. ಹೆಪಟೈಟಿಸ್ ಬಿಯನ್ನೂ ಅದೇ ಸಲ ತೆಗೆದ ರಕ್ತದಲ್ಲಿ ಮುಗಿಸಬಹುದು. ಪೆಪ್ ತೆಗೆದುಕೊಂಡಿದ್ದರೆ ಎಚ್‌ಐವಿ ಟೆಸ್ಟಿನ ತಾರೀಖು ಮುಂದೆ ಹೋಗುತ್ತದೆ, ಅದನ್ನು ಮಾತ್ರೆ ಬರೆದ ಡಾಕ್ಟರೇ ಹೇಳಲಿ.

ಹೀಗಾಗಿ ತೊಂದರೆ ಏನೂ ಕಾಣದಿದ್ದರೆ ಮೂರು ತಾರೀಖು ಫೋನಿನಲ್ಲಿ ಹಾಕಿಕೊಳ್ಳಿ: ಎರಡು ವಾರ, ಆರೂವರೆ ವಾರ, ಮೂರು ತಿಂಗಳು. ಆ ತಾರೀಖಿಗೆ ‘ಎಲ್‌ಐಸಿ ಪ್ರೀಮಿಯಂ’ ಅಂತ ಹೆಸರಿಟ್ಟರೆ ರೂಮ್‌ಮೇಟ್ ನೋಡಿದರೂ ಏನೂ ಅನ್ನಿಸುವುದಿಲ್ಲ. ಅಲ್ಲಿಯವರೆಗೆ ಕಾಂಡೋಮ್ ಇಲ್ಲದೆ ಯಾರ ಜೊತೆಗೂ ಬೇಡ.

ತೊಂದರೆ ಕಂಡರೆ ಈ ಕ್ಯಾಲೆಂಡರ್ ಬಿಟ್ಟುಬಿಡಿ, ಅವತ್ತೇ ಹೋಗಿ.

ಏನು ಕಂಡರೆ ಓಡಬೇಕು, ಏನು ಕಂಡರೆ ಬೇಡ

ಮೂತ್ರಕ್ಕೆ ಹೋದಾಗ ಉರಿ, ಶಿಶ್ನದ ತುದಿಯಿಂದ ಹಳದಿ ಕೀವು: ಗೊನೊರಿಯಾ ಇರಬಹುದು. ಸಾಮಾನ್ಯವಾಗಿ ಎರಡರಿಂದ ಐದು ದಿನದಲ್ಲಿ ಶುರುವಾಗುತ್ತದೆ, ಗಂಡಸರಿಗೆ ಇದು ಹೆಚ್ಚಾಗಿ ಗೊತ್ತಾಗುತ್ತದೆ, ಆದರೆ ಕೆಲವರಿಗೆ ಏನೂ ಕಾಣುವುದಿಲ್ಲ. ನೋಯುವ ಸಣ್ಣ ಸಣ್ಣ ನೀರುಗುಳ್ಳೆಗಳ ಗುಂಪು ಒಡೆದು ಹುಣ್ಣಾದರೆ ಹರ್ಪಿಸ್. ಹೂಕೋಸಿನ ಹಾಗೆ ಗಂಟು ಗಂಟಾಗಿ ಬೆಳೆದರೆ ಎಚ್‌ಪಿವಿ ಅನ್ನುವ ವೈರಸ್ಸಿನ ನರುಳ್ಳೆ.

ನಿಜವಾದ ಕಳ್ಳ ಸಿಫಿಲಿಸ್. ಒಂದೇ ಹುಣ್ಣು, ಸ್ವಲ್ಪ ಗಟ್ಟಿ, ನೋವೇ ಇಲ್ಲ. ಸುಮಾರು ಮೂರು ವಾರಕ್ಕೆ ಬರುತ್ತದೆ, ಕೆಲವೊಮ್ಮೆ ಮೂರು ತಿಂಗಳೂ ಆಗಬಹುದು. ಬಾಯಲ್ಲಿ, ಗುದದ್ವಾರದಲ್ಲಿ, ಯೋನಿಯ ಒಳಗೆ ಇದ್ದರೆ ಕಾಣುವುದೇ ಇಲ್ಲ. ಆಮೇಲೆ ಔಷಧಿ ಇಲ್ಲದೆ ತಾನೇ ಮಾಯುತ್ತದೆ. ಅಲ್ಲೇ ಎಲ್ಲರೂ ‘ಹೋಯ್ತು ಬಿಡು’ ಅನ್ನುವುದು. ಹೋಗಿರುವುದಿಲ್ಲ. ಕೆಲವು ವಾರ ಬಿಟ್ಟು ಮೈಮೇಲೆ ಕೆಂಪು ಕಲೆ ಏಳುತ್ತದೆ, ಅಂಗೈ ಮತ್ತು ಅಂಗಾಲಿನಲ್ಲೂ ಕಾಣಬಹುದು. ಅದೂ ತಾನೇ ಹೋಗುತ್ತದೆ. ಹಾಗೇ ಬಿಟ್ಟರೆ ಎಷ್ಟೋ ವರ್ಷದ ಮೇಲೆ ಮಿದುಳು, ಹೃದಯ, ಕಣ್ಣಿಗೆ ಬರಬಹುದು. ಶುರುವಿನಲ್ಲಿ ಹಿಡಿದರೆ ಒಂದು ಸಲದ ಪೆನಿಸಿಲಿನ್ ಇಂಜೆಕ್ಷನ್‌ನಲ್ಲಿ ಮುಗಿಯುವ ಕಾಯಿಲೆ ಇದು, ಅದಕ್ಕೇ ಹೊಟ್ಟೆ ಉರಿಯುತ್ತದೆ.

ಹೆಂಗಸರಿಗೆ ಕ್ಲಮೈಡಿಯಾ, ಗೊನೊರಿಯಾ ಎರಡೂ ಬಹಳ ಸಲ ಏನೂ ತೋರಿಸುವುದಿಲ್ಲ. ಸದ್ದಿಲ್ಲದೆ ಮೇಲೆ ಹೋಗಿ ಗರ್ಭನಾಳಕ್ಕೆ ಗಾಯ ಮಾಡಿ, ಮುಂದೆ ಮಕ್ಕಳಾಗುವುದಕ್ಕೆ ತೊಂದರೆ ಕೊಡುತ್ತವೆ. ಸಂಭೋಗದ ನಂತರ ರಕ್ತ, ಕಿಬ್ಬೊಟ್ಟೆ ನೋವು, ಬಿಳಿ ಸೆರಗಿನ ಬಣ್ಣವೋ ವಾಸನೆಯೋ ಬದಲಾಗುವುದು, ಇವುಗಳಲ್ಲಿ ಒಂದು ಕಂಡರೂ ತೋರಿಸಿ. ಬಿಳಿ ಸೆರಗು ಹೋಗುವುದೆಲ್ಲ ಸೋಂಕೂ ಅಲ್ಲ, ಸೋಂಕಾದರೂ ಎಲ್ಲವೂ ಸಂಬಂಧದಿಂದ ಬಂದದ್ದಲ್ಲ. ಮೊಸರಿನ ಗಡ್ಡೆಯಂತೆ ಹೋಗಿ ತುರಿಸುವ ಫಂಗಸ್ ಸೋಂಕು ಯಾರ ಜೊತೆಗೂ ಮಲಗದವರಿಗೂ ಬರುತ್ತದೆ. ಗಂಡನ ಮನೆಯವರು ಇದನ್ನು ಹಿಡಿದುಕೊಂಡು ಹುಡುಗಿಯ ಮೇಲೆ ಅನುಮಾನ ಪಡುವುದನ್ನು ಕೇಳಿದ್ದೇನೆ, ಅದಕ್ಕೆ ಒತ್ತಿ ಹೇಳುತ್ತಿದ್ದೇನೆ.

ಇನ್ನು ಬೇಡದ ಭಯ. ಮುಂಬಯಿಯ ಮಳೆಗಾಲದಲ್ಲಿ ಒದ್ದೆ ಜೀನ್ಸ್ ಹಾಕಿಕೊಂಡು ಲೋಕಲ್‌ನಲ್ಲಿ ನೇತಾಡುವ ಅರ್ಧ ಹುಡುಗರಿಗೆ ತೊಡೆಸಂದಿನಲ್ಲಿ ತುರಿಕೆ ಇರುತ್ತದೆ. ದುಂಡಗೆ ಕೆಂಪಗೆ ಅಂಚು ಎದ್ದು ಹರಡುವುದು ಹುಳುಕಡ್ಡಿ, ಇಲ್ಲಿನವರ ಬಾಯಲ್ಲಿ ಗಜಕರ್ಣ. ಅದಕ್ಕೆ ಪಾಪಪ್ರಜ್ಞೆ ಬೇಡ, ಫಂಗಸ್ ಔಷಧಿ ಸಾಕು. ಆದರೆ ಮೆಡಿಕಲ್‌ನವನು ‘ಇದು ಹಚ್ಚು ಭಾವು, ಎರಡು ದಿನದಲ್ಲಿ ಹೋಗುತ್ತೆ’ ಅಂತ ಕೊಡುವ ಟ್ಯೂಬಿನ ಮೇಲೆ ಕ್ಲೋಬೆಟಸಾಲ್, ಬೀಟಾಮೆಥಾಸೋನ್ ಅಂತ ಬರೆದಿದ್ದರೆ ವಾಪಸ್ ಕೊಡಿ. ಅವು ಸ್ಟೀರಾಯ್ಡ್. ಎರಡು ದಿನ ತುರಿಕೆ ಇಳಿಯುತ್ತದೆ, ಮೂರನೇ ವಾರಕ್ಕೆ ಸೊಂಟದವರೆಗೆ ಹರಡಿರುತ್ತದೆ. ಹಾಗೆಯೇ ಶಿಶ್ನದ ತುದಿಯ ಸುತ್ತ ಒಂದೇ ಅಳತೆಯ ಸಣ್ಣ ಮುತ್ತಿನಂಥ ಸಾಲು ಎಷ್ಟೋ ಗಂಡಸರಿಗೆ ಹರೆಯಕ್ಕೆ ಬಂದ ಮೇಲೆ ತಾನಾಗಿ ಮೂಡುವಂಥದ್ದು, ಕಾಯಿಲೆ ಅಲ್ಲ. ಗೂಗಲ್‌ನಲ್ಲಿ ಫೋಟೊ ನೋಡಿ ತೀರ್ಮಾನ ಮಾಡಬೇಡಿ, ಅಲ್ಲಿರುವುದೆಲ್ಲ ವಿಪರೀತದ ಕೇಸುಗಳು.

ಟಾಯ್ಲೆಟ್ ಸೀಟು, ಈಜುಕೊಳ, ಒಂದೇ ತಟ್ಟೆ, ಸೊಳ್ಳೆ, ಇವುಗಳಿಂದ ಎಚ್‌ಐವಿ ಬರುವುದಿಲ್ಲ. ‘ಬರೀ ಓರಲ್ ಅಷ್ಟೇ’ ಅನ್ನುವವರಿಗೆ: ಎಚ್‌ಐವಿ ಅಪಾಯ ಅದರಲ್ಲಿ ತುಂಬಾ ಕಮ್ಮಿ ನಿಜ, ಗೊನೊರಿಯಾ, ಸಿಫಿಲಿಸ್, ಹರ್ಪಿಸ್ ಮಾತ್ರ ಬಾಯಿಂದಲೂ ಬರುತ್ತವೆ.

ಯಾವ ಟೆಸ್ಟ್ ಕೇಳಬೇಕು

ಲ್ಯಾಬಿನವರು ಮಾರುವ ‘ಫುಲ್ ಬಾಡಿ ಚೆಕಪ್’ ಪ್ಯಾಕೇಜುಗಳಲ್ಲಿ ಥೈರಾಯ್ಡ್ ಇರುತ್ತದೆ, ವಿಟಮಿನ್ ಡಿ ಇರುತ್ತದೆ, ಕೊಲೆಸ್ಟ್ರಾಲ್ ಇರುತ್ತದೆ. ಲೈಂಗಿಕ ಸೋಂಕಿನ ಟೆಸ್ಟುಗಳು ಸಾಮಾನ್ಯವಾಗಿ ಇರುವುದಿಲ್ಲ. ಅದನ್ನು ಮಾಡಿಸಿ ‘ನಾನು ಕ್ಲೀನ್’ ಅನ್ನುವವರನ್ನು ನಂಬಬೇಡಿ.

ಬರೆದುಕೊಳ್ಳಿ. ರಕ್ತದಲ್ಲಿ: ಎಚ್‌ಐವಿ ಫೋರ್ತ್ ಜನರೇಶನ್, ಸಿಫಿಲಿಸ್‌ಗೆ ವಿಡಿಆರ್‌ಎಲ್ ಅಥವಾ ಆರ್‌ಪಿಆರ್ ಮತ್ತು ಅದರ ಜೊತೆಗೆ ಟಿಪಿಎಚ್‌ಎ, ಹೆಪಟೈಟಿಸ್ ಬಿಗೆ ಎಚ್‌ಬಿಎಸ್‌ಎಜಿ. ಮೂತ್ರದಲ್ಲಿ: ಗೊನೊರಿಯಾ ಮತ್ತು ಕ್ಲಮೈಡಿಯಾದ ಪಿಸಿಆರ್. ಈ ಎರಡನೆಯದನ್ನೇ ಎಲ್ಲರೂ ಬಿಡುವುದು, ಯಾಕೆಂದರೆ ‘ಬ್ಲಡ್ ಟೆಸ್ಟ್ ಆಯ್ತಲ್ಲ’ ಅಂತ ಅನ್ನಿಸುತ್ತದೆ. ಗೊನೊರಿಯಾ ರಕ್ತದ ಟೆಸ್ಟಿನಲ್ಲಿ ಕಾಣುವುದಿಲ್ಲ. ಮೂತ್ರ ಕೊಡುವ ಮುಂಚೆ ಕನಿಷ್ಠ ಒಂದು ಗಂಟೆ ತಡೆದಿಟ್ಟುಕೊಂಡು, ಮೊದಲು ಬರುವ ಧಾರೆಯನ್ನೇ ಡಬ್ಬಿಗೆ ಹಿಡಿಯಬೇಕು. ಬೇರೆ ಯೂರಿನ್ ಟೆಸ್ಟಿಗೆ ಮಧ್ಯದ ಧಾರೆ ಕೇಳುತ್ತಾರೆ, ಇದಕ್ಕೆ ಉಲ್ಟಾ. ಹೆಂಗಸರಿಗೆ ಮೂತ್ರಕ್ಕಿಂತ ಯೋನಿಯ ಸ್ವಾಬ್ ಒಳ್ಳೆಯದು. ಬಾಯಿಂದಲೋ ಹಿಂದಿನಿಂದಲೋ ಸಂಬಂಧ ಆಗಿದ್ದರೆ ಗಂಟಲಿನ, ಗುದದ ಸ್ವಾಬ್ ಬೇರೆಯೇ ಕೊಡಬೇಕು. ಅಲ್ಲಿ ಸೋಂಕು ಕೂತಿದ್ದರೆ ಮೂತ್ರದ ರಿಪೋರ್ಟ್ ನೆಗೆಟಿವ್ ಅಂತಲೇ ಬರುತ್ತದೆ.

ಬೇಡದ್ದೂ ಎರಡಿವೆ. ಹುಣ್ಣೇ ಇಲ್ಲದಾಗ ಹರ್ಪಿಸ್‌ನ ರಕ್ತದ ಟೆಸ್ಟ್ ಮಾಡಿಸಬೇಡಿ. ಚಿಕ್ಕಂದಿನಲ್ಲಿ ತುಟಿಯ ಮೇಲೆ ಎದ್ದ ಜ್ವರದ ಗುಳ್ಳೆಯ ವೈರಸ್ಸಿಗೂ ಅದು ಪಾಸಿಟಿವ್ ಬರುತ್ತದೆ, ಆಮೇಲೆ ಆರು ತಿಂಗಳು ನಿದ್ದೆ ಇರುವುದಿಲ್ಲ. ಹುಣ್ಣು ಇದ್ದರೆ ಅದರಿಂದಲೇ ಸ್ವಾಬ್ ತೆಗೆಯಬೇಕು. ಇನ್ನೊಂದು, ಒಂದೇ ಸಲಕ್ಕೆ ಹತ್ತು ಹನ್ನೆರಡು ಕ್ರಿಮಿ ಹುಡುಕುವ ದುಬಾರಿ ಪ್ಯಾನೆಲ್. ಅದರಲ್ಲಿ ಯೂರಿಯಾಪ್ಲಾಸ್ಮಾ ಅಂತ ಒಂದು ಪಾಸಿಟಿವ್ ಬರುತ್ತದೆ, ಎಷ್ಟೋ ಆರೋಗ್ಯವಂತರ ಮೈಯಲ್ಲಿ ಅದು ಸುಮ್ನೆ ಇರುತ್ತದೆ. ಅದಕ್ಕೆ ಆಂಟಿಬಯೋಟಿಕ್ ನುಂಗುವುದು ದುಡ್ಡು ಕೊಟ್ಟು ತೊಂದರೆ ತಂದ ಹಾಗೆ.

ಎಲ್ಲಿಗೆ ಹೋಗುವುದು

ದುಡ್ಡಿಲ್ಲದೆ ಮಾಡಿಸುವುದಾದರೆ ಐಸಿಟಿಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಎಚ್‌ಐವಿ ಟೆಸ್ಟ್ ಮತ್ತು ಕೌನ್ಸೆಲಿಂಗ್‌ಗೆ ಇರುವ ಕೇಂದ್ರ ಇದು. ಟೆಸ್ಟ್ ಪೂರಾ ಉಚಿತ. ಉಳಿದ ಸೋಂಕುಗಳಿಗೆ ‘ಸುರಕ್ಷಾ ಕ್ಲಿನಿಕ್’ ಅಂತ ಬೋರ್ಡ್ ಹುಡುಕಿ, ಸಾಮಾನ್ಯವಾಗಿ ಚರ್ಮರೋಗ ವಿಭಾಗದ ಹತ್ತಿರವೋ ಸ್ತ್ರೀರೋಗ ವಿಭಾಗದ ಹತ್ತಿರವೋ ಇರುತ್ತದೆ. ಅಲ್ಲಿ ಔಷಧಿಯೂ ಉಚಿತ, ಬಣ್ಣದ ಪೊಟ್ಟಣದಲ್ಲಿ ಬರುತ್ತದೆ: ಕೀವಿಗೆ ಬೂದು, ಬಿಳಿ ಸೆರಗಿನ ತೊಂದರೆಗೆ ಹಸಿರು, ಹುಣ್ಣಿಗೆ ಬಿಳಿ, ಹರ್ಪಿಸ್‌ಗೆ ಕೆಂಪು.

ಮುಂಬಯಿಯಲ್ಲಿ ಮೇಲೆ ಹೇಳಿದ ದೊಡ್ಡ ಆಸ್ಪತ್ರೆಗಳು, ಪುಣೆಯಲ್ಲಿ ಸಸೂನ್, ಪಿಂಪ್ರಿ ಕಡೆಯವರಿಗೆ ವೈಸಿಎಂ, ಗೋವಾದಲ್ಲಿ ಬಾಂಬೋಳಿ, ಮಾಪುಸಾ ಮತ್ತು ಮಡಗಾಂವ್‌ನ ಜಿಲ್ಲಾ ಆಸ್ಪತ್ರೆಗಳು. ನಿಮ್ಮ ಹತ್ತಿರದ್ದು ಯಾವುದು ಅಂತ ತಿಳಿಯಲು 1097ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಉಚಿತ ಸಹಾಯವಾಣಿ, ಹೆಸರು ಹೇಳಬೇಕಾಗಿಲ್ಲ. ಗಂಡಸರ ಜೊತೆ ಸಂಬಂಧ ಇರುವ ಗಂಡಸರು, ಟ್ರಾನ್ಸ್ ಸಮುದಾಯದವರು ಮುಂಬಯಿಯಲ್ಲಿ ಹಮ್‌ಸಫರ್ ಟ್ರಸ್ಟನ್ನು ಕೇಳಬಹುದು, 1994ರಿಂದ ಇದೇ ಕೆಲಸದಲ್ಲಿದ್ದಾರೆ, ಮುಖ ಸಿಂಡರಿಸುವುದಿಲ್ಲ. ‘ಡಾಕ್ಟರಿಗೆ ಹೇಳಿದರೆ ಪೊಲೀಸ್ ಕೇಸ್ ಆಗುತ್ತಾ’ ಅಂತ ಈಗಲೂ ಕೇಳುವವರಿದ್ದಾರೆ. ವಯಸ್ಕರಿಬ್ಬರ ಒಪ್ಪಿಗೆಯ ಸಂಬಂಧ ಅಪರಾಧ ಅಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2018ರ ಸೆಪ್ಟೆಂಬರ್ 6ಕ್ಕೆ.

ಓಪಿಡಿ ಇರುವುದು ಬೆಳಿಗ್ಗೆ. ಹೋಟೆಲಿನಲ್ಲಿ ಕೆಲಸ ಮಾಡುವವರಿಗೆ ಇದೇ ದೊಡ್ಡ ತೊಡಕು, ಬೆಳಗಿನ ತಿಂಡಿ ರಶ್ಶಿನಲ್ಲಿ ಸೇಠ್ ಬಿಡುವುದಿಲ್ಲ. ವಾರದ ರಜೆ ಭಾನುವಾರ ಬಂದರೆ ಉಪಯೋಗ ಇಲ್ಲ, ಯಾರ ಜೊತೆಯಾದರೂ ಬದಲಾಯಿಸಿಕೊಂಡು ವಾರದ ಮಧ್ಯೆ ಹೋಗಿ. ಮೊದಲು ಕೇಸ್ ಪೇಪರ್ ಮಾಡಿಸಬೇಕು, ಚಿಲ್ಲರೆ ಇಟ್ಟುಕೊಳ್ಳಿ. ಕಿಟಕಿಯಲ್ಲಿ ‘ಏನಾಗಿದೆ’ ಅಂತ ಕೇಳಿದರೆ ಹಿಂದೆ ನಿಂತ ಐವತ್ತು ಜನರ ಮುಂದೆ ಕಥೆ ಹೇಳಬೇಕಿಲ್ಲ, ‘ಸ್ಕಿನ್’ ಅಂದರೆ ಸಾಕು, ಸುಳ್ಳೂ ಅಲ್ಲ. ನಮ್ಮ ದೇಶದಲ್ಲಿ ಚರ್ಮರೋಗದ ಡಾಕ್ಟರೇ ಗುಪ್ತರೋಗದ ಡಾಕ್ಟರ್ ಕೂಡ, ಎರಡೂ ಒಂದೇ ಎಂಡಿ ಡಿಗ್ರಿ. ಒಳಗೆ ಕೌನ್ಸೆಲರ್ ಎದುರು ಕೂತ ಮೇಲೆ ನೇರವಾಗಿ ಹೇಳಿ. ಮರಾಠಿ ಬೇಕಾದರೆ ‘ಮಲಾ ಎಚ್‌ಐವಿ ಆಣಿ ವಿಡಿಆರ್‌ಎಲ್ ಟೆಸ್ಟ್ ಕರಾಯಚೀ ಆಹೇ’ ಅಂದರೆ ಮುಗಿಯಿತು, ಹಿಂದಿಯೂ ನಡೆಯುತ್ತದೆ.

ಖಾಸಗಿಗೆ ಹೋಗುವುದಾದರೆ ಎರಡು ಎಚ್ಚರಿಕೆ. ಲ್ಯಾಬಿನವರು ರಿಪೋರ್ಟನ್ನು ವಾಟ್ಸ್ಯಾಪ್‌ಗೆ ಕಳಿಸುತ್ತಾರೆ. ನಿಮ್ಮ ಹೆಸರಿನ ಹಳೆಯ ಅಕೌಂಟ್ ಅಪ್ಪನ ನಂಬರಿನಲ್ಲಿದ್ದರೆ, ಹೋದ ವರ್ಷ ಡೆಂಗಿ ಟೆಸ್ಟಿಗೆ ಕೊಟ್ಟ ನಂಬರ್ ಅದು, ರಿಪೋರ್ಟ್ ಸೀದಾ ಅಪ್ಪನಿಗೆ. ನಂಬರ್ ಯಾವುದು ಅಂತ ಮೊದಲು ಕೇಳಿ, ಬದಲಾಯಿಸಿ. ಕಂಪನಿಯ ಹೆಲ್ತ್ ಆ್ಯಪ್ ಮೂಲಕ ಬುಕ್ ಮಾಡಬೇಡಿ. ಎರಡನೆಯದು, ನಮ್ಮವರ ಡಾಕ್ಟರ್. ಅಪ್ಪನ ಕಾಲದಿಂದ ತೋರಿಸುವ, ಸಂಘದ ಸಮಾರಂಭದಲ್ಲಿ ಪಕ್ಕದ ಕುರ್ಚಿಯಲ್ಲಿ ಕೂರುವ ಡಾಕ್ಟರ್ ಮಾಮನ ಹತ್ತಿರ ಇದಕ್ಕೆ ಹೋಗಬೇಕಾಗಿಲ್ಲ. ಅವರು ಹೇಳುತ್ತಾರೆ ಅಂತಲ್ಲ, ಅವರೆದುರು ನೀವು ಪೂರ್ತಿ ಹೇಳುವುದಿಲ್ಲ ಅಂತ. ಸೆಂಟ್ರಲ್ ಲೈನಿನವರು ವೆಸ್ಟರ್ನ್ ಲೈನಿಗೆ ಹೋಗಿ ತೋರಿಸಿ, ದಾದರ್‌ನಲ್ಲಿ ಗಾಡಿ ಬದಲಾಯಿಸಿದರೆ ಆಯಿತು.

ಮದುವೆಯಾಗದ ಹುಡುಗಿಯರಿಗೆ ಗೈನಕಾಲಜಿಸ್ಟ್ ಕೇಳುವ ಮೊದಲ ಪ್ರಶ್ನೆ ‘ಮ್ಯಾರೀಡ್?’ ಅಂತ. ಅವರು ತಿಳಿಯಬೇಕಾಗಿರುವುದು ಸಂಬಂಧ ಇದೆಯಾ ಇಲ್ಲವಾ ಅಂತ, ಕೇಳುವುದು ಮಾತ್ರ ಹೀಗೆ. ಬರೀ ‘ಇಲ್ಲ’ ಅಂದರೆ ಬೇಕಾದ ಟೆಸ್ಟೇ ಬರೆಯುವುದಿಲ್ಲ. ‘ಮದುವೆ ಆಗಿಲ್ಲ, ಸೆಕ್ಶುಅಲಿ ಆ್ಯಕ್ಟಿವ್’ ಅಂತ ಒಂದೇ ಉಸಿರಿಗೆ ಹೇಳಿಬಿಡಿ. ಆಮೇಲೆ ಉಪದೇಶ ಶುರುವಾದರೆ ಎದ್ದು ಬನ್ನಿ, ಈ ಊರಲ್ಲಿ ಡಾಕ್ಟರಿಗೆ ಬರ ಇಲ್ಲ.

ಹೋಗಬಾರದ ಜಾಗವೂ ಇದೆ. ಲೋಕಲ್ ಡಬ್ಬಿಯ ಗೋಡೆಗೆ, ಸ್ಟೇಷನ್ ಹೊರಗಿನ ಕಂಬಕ್ಕೆ ಅಂಟಿಸಿರುತ್ತಾರಲ್ಲ, ‘ಗುಪ್ತರೋಗ, ಗ್ಯಾರಂಟಿ ಇಲಾಜ್’ ಅಂತ. ಅಲ್ಲಿ ಮೊದಲು ಹೆದರಿಸುತ್ತಾರೆ, ಧಾತು ಹೋಗಿದೆ ಅಂತಾರೆ, ಆಮೇಲೆ ಸಾವಿರ ಸಾವಿರ ಎಣಿಸಿಕೊಂಡು ಪುಡಿ ಕೊಡುತ್ತಾರೆ. ಮೆಡಿಕಲ್‌ನಲ್ಲಿ ಕೇಳಿ ಆಂಟಿಬಯೋಟಿಕ್ ನುಂಗುವುದೂ ಅಷ್ಟೇ ಕೆಟ್ಟದ್ದು. ಹಿಂದೆ ಗೊನೊರಿಯಾಕ್ಕೆ ಸಿಪ್ರೊಫ್ಲಾಕ್ಸಾಸಿನ್ ಕೊಡುತ್ತಿದ್ದರು, ಈಗ ಆ ಕ್ರಿಮಿ ಅದಕ್ಕೆ ಬಗ್ಗುವುದಿಲ್ಲ. ಎರಡು ಮಾತ್ರೆಗೆ ಉರಿ ಇಳಿಯಿತು ಅಂತ ನಿಲ್ಲಿಸಿದರೆ ಸೋಂಕು ಒಳಗೇ ಉಳಿದು ಇನ್ನೊಬ್ಬರಿಗೆ ಹೋಗುತ್ತದೆ.

ಪಾಸಿಟಿವ್ ಬಂದರೆ

ಗೊನೊರಿಯಾ, ಕ್ಲಮೈಡಿಯಾ, ಸಿಫಿಲಿಸ್ ಮೂರೂ ಪೂರ್ತಿ ವಾಸಿಯಾಗುತ್ತವೆ. ಕ್ಲಮೈಡಿಯಾಕ್ಕೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಏಳು ದಿನ, ಗೊನೊರಿಯಾಕ್ಕೆ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್, ಶುರುವಿನ ಸಿಫಿಲಿಸ್‌ಗೆ ಬೆಂಜಥೀನ್ ಪೆನಿಸಿಲಿನ್. ಹೆಸರು ಹೇಳಿದ್ದು ನೀವೇ ಕೊಳ್ಳಲಿ ಅಂತಲ್ಲ, ಬೇರೇನೋ ಬರೆದರೆ ಯಾಕೆ ಅಂತ ಕೇಳಲಿ ಅಂತ. ಪೆನಿಸಿಲಿನ್ ಅಲರ್ಜಿ ಇದ್ದರೆ ಮೊದಲೇ ಹೇಳಿ. ಸಿಫಿಲಿಸ್ ಇಂಜೆಕ್ಷನ್ ಆದ ದಿನ ಜ್ವರ, ಮೈಕೈ ನೋವು ಬರಬಹುದು, ಒಂದು ದಿನದಲ್ಲಿ ಇಳಿಯುತ್ತದೆ. ಉಸಿರು ಕಟ್ಟುವುದು, ಮುಖ ಊದುವುದು ಆದರೆ ಅದು ಅಲರ್ಜಿ, ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಔಷಧಿ ಒಬ್ಬರೇ ತೆಗೆದುಕೊಂಡರೆ ಕೆಲಸ ಆಗುವುದಿಲ್ಲ. ಜೊತೆಗಿದ್ದವರಿಗೂ ಅದೇ ಹೊತ್ತಿಗೆ ಆಗಬೇಕು, ಔಷಧಿ ಮುಗಿದ ಮೇಲೆ ಏಳು ದಿನ ಸಂಭೋಗ ಬೇಡ. ಇಲ್ಲದಿದ್ದರೆ ಸೋಂಕು ಇಬ್ಬರ ನಡುವೆ ಓಡಾಡುತ್ತಾ ಇರುತ್ತದೆ. ಹೇಳುವುದು ಹೇಗೆ ಅಂತ ಎಲ್ಲರೂ ಇಲ್ಲೇ ಸಿಕ್ಕಿಕೊಳ್ಳುತ್ತಾರೆ. ಉದ್ದ ಬರೆಯಬೇಡಿ. ‘ನನಗೆ ಕ್ಲಮೈಡಿಯಾ ಬಂದಿದೆ, ಔಷಧಿ ತಗೊಳ್ತಿದ್ದೀನಿ, ವಾಸಿಯಾಗುತ್ತೆ. ನೀನೂ ಟೆಸ್ಟ್ ಮಾಡಿಸ್ಕೋ, ನಿನಗೆ ಗೊತ್ತಾಗದೇ ಇರಬಹುದು’ ಅಂತ ಇಷ್ಟೇ. ಯಾರಿಂದ ಯಾರಿಗೆ ಬಂತು ಅನ್ನುವ ವಿಚಾರಣೆ ಬೇಡ, ತಿಂಗಳುಗಟ್ಟಲೆ ಸುಮ್ಮನಿರುವ ಸೋಂಕಿನಲ್ಲಿ ಅದು ಬಗೆಹರಿಯುವುದೂ ಇಲ್ಲ. ಜಗಳ ಹೊಡೆತಕ್ಕೆ ಹೋಗುವ ಭಯ ಇದ್ದರೆ ನೀವೇ ಹೇಳಲು ಹೋಗಬೇಡಿ, ಕೌನ್ಸೆಲರ್ ಹತ್ತಿರ ದಾರಿ ಕೇಳಿ. ಗೊನೊರಿಯಾ, ಕ್ಲಮೈಡಿಯಾ ಬಂದಿದ್ದವರು 3 ತಿಂಗಳಿಗೆ ಮತ್ತೆ ಟೆಸ್ಟ್ ಮಾಡಿಸಬೇಕು, ತಿರುಗಿ ಅಂಟುವುದು ಜಾಸ್ತಿ.

ಎಚ್‌ಐವಿ ರಿಯಾಕ್ಟಿವ್ ಅಂತ ಖಾಸಗಿ ಲ್ಯಾಬ್ ಹೇಳಿದರೆ ಅದೇ ಕೊನೆಯ ಮಾತಲ್ಲ. ಐಸಿಟಿಸಿಗೆ ಹೋಗಿ, ಅಲ್ಲಿ ಬೇರೆ ಬೇರೆ ಕಿಟ್‌ಗಳಲ್ಲಿ ಖಚಿತ ಮಾಡುತ್ತಾರೆ. ಖಚಿತವಾದರೆ ಎಆರ್‌ಟಿ ಕೇಂದ್ರ ಅನ್ನುವ ಸರ್ಕಾರಿ ಎಚ್‌ಐವಿ ಚಿಕಿತ್ಸಾ ಕೇಂದ್ರದಲ್ಲಿ ಔಷಧಿ ಉಚಿತ. 2017ರಿಂದ ಸಿಡಿ4 (ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ) ಎಷ್ಟಿದೆ ಅಂತ ಕಾಯದೆ ಎಲ್ಲರಿಗೂ ತಕ್ಷಣ ಶುರು ಮಾಡುತ್ತಾರೆ. ದಿನಕ್ಕೊಂದು ಮಾತ್ರೆ ತಪ್ಪದೆ ತೆಗೆದುಕೊಂಡು ರಕ್ತದಲ್ಲಿ ವೈರಸ್ ಟೆಸ್ಟಿಗೆ ಸಿಗದಷ್ಟು ಇಳಿದು ಹಾಗೇ ನಿಂತರೆ, ಸಂಭೋಗದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಮದುವೆ, ಮಕ್ಕಳು ಎಲ್ಲಾ ಆಗುತ್ತದೆ. 2017ರ ಎಚ್‌ಐವಿ ಕಾಯ್ದೆ ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್ 10ರಿಂದ. ಒಪ್ಪಿಗೆ ಇಲ್ಲದೆ ಟೆಸ್ಟ್ ಮಾಡುವಂತಿಲ್ಲ, ರಿಪೋರ್ಟ್ ಬಯಲು ಮಾಡುವಂತಿಲ್ಲ, ಕೆಲಸಕ್ಕೆ ಸೇರುವಾಗ ಎಚ್‌ಐವಿ ಟೆಸ್ಟ್ ಕೇಳುವಂತಿಲ್ಲ, ಇದೇ ಕಾರಣಕ್ಕೆ ಕೆಲಸದಿಂದ ತೆಗೆಯುವಂತೆಯೂ ಇಲ್ಲ.

18 ತುಂಬದವರು ಒಂದು ತಿಳಿದುಕೊಂಡಿರಬೇಕು. ಪೋಕ್ಸೋ ಕಾಯ್ದೆ ಪ್ರಕಾರ ಅವರ ಲೈಂಗಿಕ ಸಂಬಂಧ ಗೊತ್ತಾದರೆ ಡಾಕ್ಟರ್ ಪೊಲೀಸರಿಗೆ ತಿಳಿಸಲೇಬೇಕು. ಅದಕ್ಕೆ ಹೆದರಿ ಚಿಕಿತ್ಸೆ ಬಿಡಬೇಡಿ, ನಂಬುವ ದೊಡ್ಡವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಮಕ್ಕಳ ಸಹಾಯವಾಣಿ 1098.

ಬರುವ ಮುಂಚೆಯೇ

ಲಸಿಕೆ ಎರಡಿವೆ, ಎರಡನ್ನೂ ಜನ ಮರೆಯುತ್ತಾರೆ. ಹೆಪಟೈಟಿಸ್ ಬಿ ಇಡೀ ದೇಶದ ಸರ್ಕಾರಿ ಪಟ್ಟಿಗೆ ಬಂದದ್ದು 2011ರಲ್ಲಿ, ಅದಕ್ಕೆ ಮುಂಚೆ ಹುಟ್ಟಿದ ಬಹಳ ಜನಕ್ಕೆ ಬಿದ್ದಿರುವುದಿಲ್ಲ. ಮೂರು ಡೋಸ್: ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಎಚ್‌ಪಿವಿ ಲಸಿಕೆಯಂತೂ ಪುಣೆಯಲ್ಲೇ ತಯಾರಾಗುತ್ತದೆ, ಸೀರಮ್ ಇನ್‌ಸ್ಟಿಟ್ಯೂಟ್‌ನ ಸರ್ವಾವ್ಯಾಕ್. 9ರಿಂದ 26 ವಯಸ್ಸಿನವರಿಗೆ, ಹುಡುಗರಿಗೂ. 15 ದಾಟಿದವರಿಗೆ ಮೂರು ಡೋಸ್. ‘ಅದು ಹುಡುಗಿಯರಿಗೆ ಅಲ್ವಾ’ ಅನ್ನುವ ಹುಡುಗರಿಗೆ: ನರುಳ್ಳೆ ನಿಮಗೂ ಬರುತ್ತದೆ, ಗಂಟಲು ಮತ್ತು ಗುದದ ಕ್ಯಾನ್ಸರೂ ಇದೇ ವೈರಸ್‌ನಿಂದ ಬರಬಹುದು. ಮೊದಲ ಸಂಬಂಧಕ್ಕೆ ಮುಂಚೆ ಹಾಕಿಸಿದರೆ ಪೂರಾ ಲಾಭ, ಆಮೇಲೆ ಹಾಕಿಸಿದರೂ ವ್ಯರ್ಥವಲ್ಲ.

ಎಚ್‌ಐವಿ ಅಪಾಯ ಪದೇ ಪದೇ ಇರುವವರು ಪ್ರೆಪ್ ಬಗ್ಗೆ ಡಾಕ್ಟರನ್ನು ಕೇಳಿ. ಅದು ಮುಂಚೆಯೇ ತೆಗೆದುಕೊಳ್ಳುವ ಮಾತ್ರೆ. ಉಳಿದ ಸೋಂಕುಗಳನ್ನು ಅದು ತಡೆಯುವುದಿಲ್ಲ.

ಕಾಂಡೋಮ್ ಬಗ್ಗೆ ಎಲ್ಲರಿಗೂ ಗೊತ್ತು ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಊರಿಂದ ಬಂದ ತೆಂಗಿನೆಣ್ಣೆ ಬಾಟಲಿ ನಮ್ಮೆಲ್ಲರ ರೂಮಿನಲ್ಲೂ ಇರುತ್ತದೆ, ಅದನ್ನು ಹಚ್ಚಿದರೆ ಲ್ಯಾಟೆಕ್ಸ್ ಮೆತ್ತಗಾಗಿ ಹರಿಯುತ್ತದೆ. ವ್ಯಾಸಲೀನ್ ಕೂಡ ಹಾಗೆಯೇ. ನೀರು ಆಧಾರದ ಜೆಲ್ ಮೆಡಿಕಲ್‌ನಲ್ಲಿ ಸಿಗುತ್ತದೆ. ಪ್ಯಾಂಟಿನ ಹಿಂದಿನ ಜೇಬಿನ ಪರ್ಸಿನಲ್ಲಿ ತಿಂಗಳುಗಟ್ಟಲೆ ಇಟ್ಟದ್ದನ್ನು ಬಿಸಾಡಿ. ಎರಡು ಒಟ್ಟಿಗೆ ಹಾಕಿದರೆ ಡಬ್ಬಲ್ ರಕ್ಷಣೆ ಇಲ್ಲ, ಒಂದಕ್ಕೊಂದು ಉಜ್ಜಿ ಎರಡೂ ಹೋಗುತ್ತವೆ. ಐಸಿಟಿಸಿಯಲ್ಲಿ ಉಚಿತವಾಗಿ ಕೊಡುತ್ತಾರೆ, ಕೇಳಿ. ಹರ್ಪಿಸ್, ಎಚ್‌ಪಿವಿ, ಸಿಫಿಲಿಸ್ ಕಾಂಡೋಮ್ ಮುಚ್ಚದ ಚರ್ಮದಿಂದಲೂ ದಾಟಬಹುದು, ಅದಕ್ಕೇ ಹಾಕಿಕೊಂಡರೂ ಟೆಸ್ಟ್ ಬೇಕು. ಹೊಸ ಸಂಬಂಧದಲ್ಲಿ ಕಾಂಡೋಮ್ ಬಿಡೋಣ ಅನ್ನುವ ಮಾತು ಬಂದರೆ ಅದಕ್ಕೆ ಮುಂಚೆ ಇಬ್ಬರೂ ಒಟ್ಟಿಗೆ ಹೋಗಿ ಮಾಡಿಸಿ. ಜೊತೆಗಾರರು ಬದಲಾಗುತ್ತಾ ಇದ್ದರೆ ಮೂರು ತಿಂಗಳಿಗೊಮ್ಮೆ, ಇಲ್ಲದಿದ್ದರೆ ವರ್ಷಕ್ಕೊಮ್ಮೆ.

ಕೊನೆಯದಾಗಿ ರಿಪೋರ್ಟ್. ನಾಚಿಕೆಗೆ ಹರಿದು ಬಿಸಾಡುವವರೇ ಜಾಸ್ತಿ. ಸಿಫಿಲಿಸ್ ಒಮ್ಮೆ ಬಂದಿದ್ದರೆ ವಾಸಿಯಾದ ಮೇಲೂ ಟಿಪಿಎಚ್‌ಎ ಸಾಮಾನ್ಯವಾಗಿ ಜೀವನಪೂರ್ತಿ ಪಾಸಿಟಿವ್ ತೋರಿಸುತ್ತದೆ. ವಾಸಿಯಾಗಿದೆಯೋ, ಮತ್ತೆ ಬಂದಿದೆಯೋ ಅಂತ ಹೇಳುವುದು ವಿಡಿಆರ್‌ಎಲ್‌ನ ಅಂಕೆ: 1:32 ಇದ್ದದ್ದು 1:8ಕ್ಕೆ ಇಳಿದರೆ ಔಷಧಿ ಕೆಲಸ ಮಾಡಿದೆ ಅಂತ ಲೆಕ್ಕ. ಐದು ವರ್ಷ ಬಿಟ್ಟು ದುಬೈ ಕೆಲಸದ ಮೆಡಿಕಲ್ ಚೆಕಪ್‌ನಲ್ಲೋ ಬಸಿರಿನ ತಪಾಸಣೆಯಲ್ಲೋ ಪಾಸಿಟಿವ್ ಅಂತ ಬಂದಾಗ ಹಳೆಯ ಅಂಕೆ ಕೈಯಲ್ಲಿ ಇಲ್ಲದಿದ್ದರೆ ಮತ್ತೆ ಸೂಜಿ, ಮತ್ತೆ ಅನುಮಾನ. ಕೇಸ್ ಪೇಪರ್, ರಿಪೋರ್ಟ್, ಇಂಜೆಕ್ಷನ್ ಕೊಟ್ಟ ತಾರೀಖು ಮೂರರ ಫೋಟೊ ತೆಗೆದು, ಗ್ಯಾಲರಿಯಲ್ಲಿ ಬಿಡದೆ, ನಿಮಗೆ ನೀವೇ ಈಮೇಲ್ ಮಾಡಿಟ್ಟುಕೊಳ್ಳಿ.